ಕೊಟ್ಟಿಗೆಯ ಧೂಳು, ಊರಿನ ಉಸಿರು

(ಚನ್ನಗಿರಿಯಲ್ಲಿ ರೈತರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನಾನು ಮಾತನಾಡಬೇಕಾಗಿರುವುದು ಧೂಳಿನ ಬಗ್ಗೆ. ದನದ ಕೊಟ್ಟಿಗೆ, ಕುರಿದೊಡ್ಡಿ, ಕೋಳಿ ಫಾರಂ, ಹುಲ್ಲಿನ ಬಣವೆ, ಮೇವಿನ ಗೋದಾಮು ಇವುಗಳಿಂದ ಏಳುವ ಧೂಳಿನ ಬಗ್ಗೆ. ನಮ್ಮ ಕಡೆ ಯಾರಿಗಾದರೂ ಉಬ್ಬಸ ಬಂದರೆ ‘ಅವರ ವಂಶದಲ್ಲೇ ದಮ್ಮು ಇದೆ’ ಎಂದೋ, ‘ಅದು ಶೀತದ ಮೈ’ ಎಂದೋ ಹೇಳಿ ಮಾತು ಮುಗಿಸುವುದು ವಾಡಿಕೆ. ವಂಶಕ್ಕೂ ಪಾತ್ರವುಂಟು, ಶೀತಗಾಳಿಗೂ ಪಾತ್ರವುಂಟು. ಆದರೆ ದಿನವೂ ಯಾವ ಕೆಲಸ ಮಾಡುತ್ತೇವೆ, ಯಾವ ಗಾಳಿಯಲ್ಲಿ ನಿಂತು ಮಾಡುತ್ತೇವೆ ಎಂಬುದನ್ನು ರೋಗಿ ಹೇಳುವುದಿಲ್ಲ. ಜನರ ನೂಕುನುಗ್ಗಲಿನ ನಡುವೆ ವೈದ್ಯರಿಗೂ ಕೇಳಲು ವ್ಯವಧಾನವಿರುವುದಿಲ್ಲ. ಕೇಳದೆ ಉಳಿದ ಆ ಪ್ರಶ್ನೆಯೇ ಇಂದಿನ ನನ್ನ ವಿಷಯ.

ಈ ಮಾತಿಗೆ ಚನ್ನಗಿರಿ ತಕ್ಕ ಸ್ಥಳ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಮಲೆನಾಡು ಬಯಲುಸೀಮೆಯನ್ನು ಕೂಡುವ ನೆಲ ಇದು. ಒಂದು ಕಡೆ ಅಡಿಕೆ ತೋಟ, ಮತ್ತೊಂದು ಕಡೆ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆ, ಬಯಲಿಗೆ ಇಳಿದರೆ ಮೆಕ್ಕೆಜೋಳ, ಜಗಳೂರಿನ ಕಡೆ ಹೋದರೆ ಒಣಭೂಮಿ ಮತ್ತು ಕುರಿ ಹಿಂಡು. ಮೆಕ್ಕೆಜೋಳ ಬೆಳೆಯುವ ಕಡೆ ಕೋಳಿ ಸಾಕಣೆಯೂ ಬೆಳೆಯುವುದು ಸಹಜ. ಏಕೆಂದರೆ ಕೋಳಿಯ ಆಹಾರದಲ್ಲಿ ಹೆಚ್ಚಿನ ಪಾಲು ಮೆಕ್ಕೆಜೋಳವೇ. ಆ ಕೋಳಿಗಳ ಗೊಬ್ಬರ ಲಾರಿ ಏರಿ ಮತ್ತೆ ಅಡಿಕೆ ತೋಟಗಳಿಗೆ ಬರುತ್ತದೆ. ಆದ್ದರಿಂದ ‘ಕೋಳಿ ಫಾರಂ ಬಯಲಿನವರ ಸಮಸ್ಯೆ, ನಮಗೇನು’ ಎಂದು ಮಲೆನಾಡಿನವರು ಹೇಳುವಂತಿಲ್ಲ. ಗೊಬ್ಬರದ ಜೊತೆಗೆ ಧೂಳೂ ಘಟ್ಟ ಹತ್ತುತ್ತದೆ.

ಧೂಳಿನೊಳಗೆ ಏನಿದೆ?

ರಸ್ತೆಯ ಧೂಳು ಬಹುಪಾಲು ಮಣ್ಣು, ಕಲ್ಲಿನ ಪುಡಿ. ಕೊಟ್ಟಿಗೆಯ ಧೂಳು ಹಾಗಲ್ಲ. ಅದು ಜೀವಜನ್ಯ ಧೂಳು. ಅದರಲ್ಲಿ ಒಣಗಿದ ಸಗಣಿಯ ಪುಡಿ, ಪ್ರಾಣಿಗಳ ಚರ್ಮದ ಹೊಟ್ಟು, ಕೂದಲು ಮತ್ತು ಗರಿಗಳ ಚೂರು, ಮೇವಿನ ಹುಡಿ, ಬೂಷ್ಟಿನ ಬೀಜಕಣಗಳು, ಕಣ್ಣಿಗೆ ಕಾಣದ ನುಸಿಗಳು, ಸತ್ತ ಹಾಗೂ ಬದುಕಿರುವ ಬ್ಯಾಕ್ಟೀರಿಯಾಗಳು ಇರುತ್ತವೆ. ಕೆಲವು ಜಾತಿಯ ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತುವಿದೆ. ಬ್ಯಾಕ್ಟೀರಿಯಾ ಸತ್ತರೂ ಈ ವಸ್ತು ಉಳಿಯುತ್ತದೆ. ನಮ್ಮ ಶ್ವಾಸಕೋಶ ಅದನ್ನು ಶತ್ರುವೆಂದು ತಕ್ಷಣ ಗುರುತಿಸಿ ಉರಿಯೂತದಿಂದ ಉತ್ತರಿಸುತ್ತದೆ. ಶರೀರ ಇದನ್ನು ಗುರುತಿಸುವ ಬಗೆಯನ್ನು 1998ರಲ್ಲಿ ಬಿಡಿಸಿ ತೋರಿಸಿದ ಬ್ರೂಸ್ ಬಾಯ್ಟ್ಲರ್ ಅವರಿಗೆ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಧೂಳಿನ ಗಾತ್ರವೂ ಮುಖ್ಯ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ದೊಡ್ಡ ಕಣಗಳನ್ನು ಮೂಗು ತಡೆಯುತ್ತದೆ. ಸೀನು, ನೆಗಡಿಯಲ್ಲಿ ಅವು ಹೊರಬೀಳುತ್ತವೆ. 10 ಮೈಕ್ರಾನಿಗಿಂತ ಸಣ್ಣವು ಶ್ವಾಸನಾಳಕ್ಕೆ ಇಳಿಯುತ್ತವೆ. ಇನ್ನೂ ಸಣ್ಣವು ಶ್ವಾಸಕೋಶದ ತುದಿಯಲ್ಲಿರುವ ಗಾಳಿಗೂಡುಗಳನ್ನು ಮುಟ್ಟುತ್ತವೆ. ಬೂಷ್ಟು ಹಿಡಿದ ಹುಲ್ಲಿನ ಕಂತೆಯನ್ನು ಕೊಡವಿದಾಗ ಹೊಗೆಯಂತೆ ಏಳುವುದು ಈ ಸಣ್ಣ ಗಾತ್ರದ ಕಣಗಳೇ.

ಧೂಳಿನ ಜೊತೆಗೆ ಅಮೋನಿಯ ಅನಿಲ ಸೇರುತ್ತದೆ. ಕೋಳಿ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯ ಹುಟ್ಟುತ್ತದೆ. ನೆಲಹಾಸು ಒದ್ದೆಯಾದಷ್ಟೂ ಅದು ಹೆಚ್ಚು. ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಕಣ್ಣು ಉರಿಯುವುದು, ಗಂಟಲು ಕೆರೆಯುವುದು ಇದರಿಂದಲೇ. ಅಮೋನಿಯ ಶ್ವಾಸನಾಳದ ಒಳಪದರವನ್ನು ಕೆಣಕುತ್ತದೆ. ಕೆಣಕಿದ ಪದರದ ಮೇಲೆ ಧೂಳು ಇನ್ನಷ್ಟು ಹಾನಿ ಮಾಡುತ್ತದೆ.

ಮೂರು ಬಗೆಯ ತೊಂದರೆ

ಈ ಧೂಳಿನಿಂದ ಬರುವ ಎಲ್ಲ ತೊಂದರೆಯನ್ನೂ ನಾವು ‘ಅಲರ್ಜಿ’ ಎಂಬ ಒಂದೇ ಮಾತಿನಲ್ಲಿ ಕರೆಯುತ್ತೇವೆ. ವಾಸ್ತವವಾಗಿ ಮೂರು ಬಗೆಗಳಿವೆ. ಬೇರೆಬೇರೆಯಾಗಿ ತಿಳಿಯದಿದ್ದರೆ ಪರಿಹಾರವೂ ತಪ್ಪುತ್ತದೆ.

ಮೊದಲನೆಯದು ನಿಜವಾದ ಅಲರ್ಜಿ. ನುಸಿ, ಹಸುವಿನ ಚರ್ಮದ ಹೊಟ್ಟು, ಗರಿ ಅಥವಾ ಬೂಷ್ಟಿನ ಪ್ರೋಟೀನಿಗೆ ಶರೀರ ವಿರುದ್ಧವಾಗಿ ಸಜ್ಜಾಗುತ್ತದೆ. ಆ ವಸ್ತು ಎದುರಾದ ನಿಮಿಷಗಳಲ್ಲೇ ಸೀನು, ಕಣ್ಣಿನ ತುರಿಕೆ, ಮೂಗು ಸೋರುವುದು, ಕೆಲವರಿಗೆ ಉಬ್ಬಸ. ಇದು ಎಲ್ಲರಿಗೂ ಬರುವುದಿಲ್ಲ. ಅಂಥ ಪ್ರವೃತ್ತಿ ಇದ್ದವರಿಗೆ ಬರುತ್ತದೆ.

ಎರಡನೆಯದು ಕೆರಳಿಕೆ. ಇದಕ್ಕೆ ಅಲರ್ಜಿಯ ಪ್ರವೃತ್ತಿ ಬೇಕಾಗಿಲ್ಲ. ಸಾಕಷ್ಟು ಎಂಡೋಟಾಕ್ಸಿನ್ ಮತ್ತು ಅಮೋನಿಯ ಒಳಹೋದರೆ ಯಾರ ಶ್ವಾಸನಾಳವಾದರೂ ಊದಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ಕಫ, ಕೆಮ್ಮು, ಏದುಸಿರು ಅಂಟಿಕೊಳ್ಳುತ್ತವೆ. ಈ ಜನರಿಗೆ ಅಲರ್ಜಿ ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ. ‘ಅಲರ್ಜಿ ಇಲ್ಲ, ಹೋಗಿ ಕೆಲಸ ಮಾಡಿ’ ಎಂದು ಕಳಿಸಿದರೆ ಅವರು ಮತ್ತೆ ಅದೇ ಧೂಳಿಗೆ ಮರಳುತ್ತಾರೆ.

ಮೂರನೆಯದು ‘ರೈತನ ಶ್ವಾಸಕೋಶ’ ಎಂದೇ ವೈದ್ಯಗ್ರಂಥಗಳಲ್ಲಿ ಹೆಸರಾದ ಕಾಯಿಲೆ. 1932ರಲ್ಲಿ ಇಂಗ್ಲೆಂಡಿನ ವೈದ್ಯ ಕ್ಯಾಂಪ್‌ಬೆಲ್, ಬೂಷ್ಟು ಹಿಡಿದ ಹುಲ್ಲಿನಲ್ಲಿ ಕೆಲಸ ಮಾಡಿದ ರೈತರಲ್ಲಿ ಇದನ್ನು ವಿವರಿಸಿದರು. ಒದ್ದೆಯಾಗಿ ಬಣವೆ ಹಾಕಿದ ಹುಲ್ಲು ಒಳಗೇ ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಕೆಲವು ಸೂಕ್ಷ್ಮಜೀವಿಗಳು ವಿಪರೀತ ಬೆಳೆಯುತ್ತವೆ. ಅವುಗಳ ಕಣ ಗಾಳಿಗೂಡುಗಳಿಗೆ ಹೋಗಿ ಅಲ್ಲಿ ಉರಿಯೂತ ಉಂಟುಮಾಡುತ್ತದೆ. ಇದರ ವಿಶೇಷವೆಂದರೆ ತೊಂದರೆ ಕೂಡಲೇ ಕಾಣಿಸುವುದಿಲ್ಲ. ಬೆಳಿಗ್ಗೆ ಹುಲ್ಲು ಕೊಡವಿದವರಿಗೆ ನಾಲ್ಕರಿಂದ ಎಂಟು ಗಂಟೆಗಳ ನಂತರ ಚಳಿಜ್ವರ, ಒಣಕೆಮ್ಮು, ಎದೆಬಿಗಿತ. ಸಂಜೆಯ ಜ್ವರಕ್ಕೂ ಬೆಳಗಿನ ಹುಲ್ಲಿಗೂ ಯಾರೂ ಸಂಬಂಧ ಕಲ್ಪಿಸುವುದಿಲ್ಲ. ಫ್ಲೂ ಎಂದೋ ಟೈಫಾಯ್ಡ್ ಎಂದೋ ಮದ್ದು ತೆಗೆದುಕೊಳ್ಳುತ್ತಾರೆ. ಮತ್ತೆಮತ್ತೆ ಹೀಗಾದರೆ ಶ್ವಾಸಕೋಶ ಗಟ್ಟಿಯಾಗುತ್ತದೆ, ಆ ಹಾನಿ ಹಿಂದಿರುಗುವುದಿಲ್ಲ. ಪಾರಿವಾಳ, ಗಿಳಿ, ಕೋಳಿಗಳ ಗರಿ ಮತ್ತು ಹಿಕ್ಕೆಯಿಂದಲೂ ಇದೇ ಜಾತಿಯ ಕಾಯಿಲೆ ಬರುತ್ತದೆ. ಶ್ವಾಸಕೋಶ ಗಟ್ಟಿಯಾಗುವ ರೋಗಗಳ ಬಗ್ಗೆ ಭಾರತದ 27 ಕೇಂದ್ರಗಳಲ್ಲಿ 1,084 ರೋಗಿಗಳನ್ನು ದಾಖಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 47ರಷ್ಟು ಮಂದಿಗೆ ಇದ್ದದ್ದು ಹೀಗೆ ಉಸಿರಾಡಿದ ವಸ್ತುವಿನಿಂದ ಬಂದ ಈ ಬಗೆಯ ಕಾಯಿಲೆಯೇ. ಆದ್ದರಿಂದ ಇದು ವಿಲಾಯಿತಿಯ ರೋಗ ಎಂದು ತಳ್ಳಿಹಾಕುವಂತಿಲ್ಲ.

ಹಾಗಾದರೆ ಕೊಟ್ಟಿಗೆ ಶತ್ರುವೆ?

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ನಿಮ್ಮ ಮುಂದಿಡಬೇಕು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳನ್ನು ಆಧರಿಸಿ ಮಾಡಿದ ಅಧ್ಯಯನದಲ್ಲಿ, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ರ ವೇಳೆಗೆ ಶೇ 29.5ಕ್ಕೆ ಏರಿತ್ತು. ಕೊಟ್ಟಿಗೆಗಳು ಮಾಯವಾಗಿ ವಾಹನಗಳು ತುಂಬಿದ ನಗರದಲ್ಲಿ ಮಕ್ಕಳ ಉಬ್ಬಸ ಮೂರು ಪಟ್ಟಾಯಿತು. ಅದೇ ಕಾಲದಲ್ಲಿ ಯೂರೋಪಿನ ವಿಜ್ಞಾನಿಗಳು ಹಳ್ಳಿಯ ಮಕ್ಕಳತ್ತ ನೋಡಿದರು. ಆಸ್ಟ್ರಿಯ, ಜರ್ಮನಿ, ಸ್ವಿಟ್ಜರ್ಲೆಂಡಿನ ಹಳ್ಳಿಗಳಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಮೊದಲ ವರ್ಷದಲ್ಲೇ ಕೊಟ್ಟಿಗೆಯ ಒಡನಾಟವಿದ್ದ ಮಕ್ಕಳಲ್ಲಿ ಅಸ್ತಮಾ ಮತ್ತು ಅಲರ್ಜಿ ಬಹಳ ಕಡಿಮೆ ಕಂಡುಬಂತು.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಅಮೆರಿಕದ ಎರಡು ರೈತ ಸಮುದಾಯಗಳದ್ದು. ಆಮಿಶ್ ಮತ್ತು ಹಟರೈಟ್ ಜನರ ಮೂಲ ಯೂರೋಪಿನಲ್ಲಿ. ರಕ್ತಸಂಬಂಧ, ಊಟ, ಜೀವನಶೈಲಿ ಬಹುಮಟ್ಟಿಗೆ ಹೋಲುತ್ತವೆ. ವ್ಯತ್ಯಾಸ ಬೇಸಾಯದಲ್ಲಿದೆ. ಆಮಿಶ್ ಕುಟುಂಬಗಳು ಮನೆಯ ಪಕ್ಕದಲ್ಲೇ ಹಸು, ಕುದುರೆ ಕಟ್ಟುತ್ತವೆ. ಮಕ್ಕಳು ಅಲ್ಲೇ ಆಡಿಕೊಂಡು ಬೆಳೆಯುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಸಾಮೂಹಿಕ ಹೈನುಗಾರಿಕೆ. ಅವರ ಎಳೆಯ ಮಕ್ಕಳಿಗೆ ಕೊಟ್ಟಿಗೆಯ ಒಡನಾಟವಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆಮಿಶ್ ಶಾಲಾಮಕ್ಕಳಲ್ಲಿ ಅಸ್ತಮಾ ಶೇ 5ರ ಆಸುಪಾಸು, ಹಟರೈಟ್ ಮಕ್ಕಳಲ್ಲಿ ಶೇ 21. ಆಮಿಶ್ ಮನೆಗಳ ಧೂಳಿನಲ್ಲಿ ಎಂಡೋಟಾಕ್ಸಿನ್ ಸುಮಾರು ಏಳು ಪಟ್ಟು ಹೆಚ್ಚಿತ್ತು. ಎಳವೆಯಲ್ಲಿ ನಾನಾ ಸೂಕ್ಷ್ಮಜೀವಿಗಳ ಪರಿಚಯವಾದ ಶರೀರ, ಕ್ಷುಲ್ಲಕ ವಸ್ತುಗಳಿಗೆ ಕೆರಳದಿರುವುದನ್ನು ಕಲಿಯುತ್ತದೆ ಎಂಬುದು ಇದರ ವಿವರಣೆ.

ಇದನ್ನು ಕೇಳಿ ಸಂತೋಷಪಡುವ ಮುನ್ನ ಮತ್ತೊಂದನ್ನು ಕೇಳಬೇಕು. ಅಮೆರಿಕದ್ದೇ ಆಯೊವಾ ರಾಜ್ಯದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಂದಿ ಸಾಕುವ ರೈತರ ಮಕ್ಕಳಲ್ಲಿ ಶೇ 44 ಮಂದಿಗೆ ಅಸ್ತಮಾದ ಯಾವುದಾದರೂ ಒಂದು ಲಕ್ಷಣವಿತ್ತು. ಮೇವಿಗೆ ಆ್ಯಂಟಿಬಯೋಟಿಕ್ ಬೆರೆಸುತ್ತಿದ್ದ ಕಡೆ ಅದು ಶೇ 56ರ ಹತ್ತಿರ. ಗಮನಿಸಿ, ಹೊಲಮನೆಗಳ ಆ ಮಕ್ಕಳಲ್ಲಿ ಅಲರ್ಜಿಯ ಪ್ರವೃತ್ತಿ ಕಡಿಮೆಯೇ ಇತ್ತು. ಅಲರ್ಜಿ ಕಡಿಮೆ, ಉಬ್ಬಸ ಹೆಚ್ಚು. ಜಾನುವಾರು ಫಾರಂಗಳು ಒತ್ತೊತ್ತಾಗಿರುವ ನೆದರ್ಲೆಂಡ್ಸ್ ದೇಶದಲ್ಲೂ ಇಂಥದೇ ಚಿತ್ರ ಕಂಡಿತು: ಫಾರಂಗಳ ಸಮೀಪ ವಾಸಿಸುವವರಲ್ಲಿ ಅಲರ್ಜಿ ಕಡಿಮೆ; ಆದರೆ ಮನೆಯ ಒಂದು ಕಿಲೋಮೀಟರ್ ಸುತ್ತಿನಲ್ಲಿ ಫಾರಂಗಳು ಹೆಚ್ಚಾದಂತೆ, ಗಾಳಿಯಲ್ಲಿ ಅಮೋನಿಯ ಏರಿದಂತೆ ಶ್ವಾಸಕೋಶದ ಸಾಮರ್ಥ್ಯ ಕುಗ್ಗಿತ್ತು.

ಈ ಎರಡೂ ಸತ್ಯಗಳನ್ನು ಒಟ್ಟಿಗೆ ಹಿಡಿಯಬೇಕು. ನಾಲ್ಕು ದನವಿರುವ, ಗಾಳಿಯಾಡುವ, ಸೊಪ್ಪು ದರಗು ಹಾಸಿದ ಕೊಟ್ಟಿಗೆಯ ಬಳಿ ಮಗು ಬೆಳೆಯುವುದು ಒಂದು. ಹತ್ತು ಸಾವಿರ ಕೋಳಿಗಳ ಶೆಡ್ಡಿನೊಳಗೆ ದಿನವೂ ಗಂಟೆಗಟ್ಟಲೆ ಗುಡಿಸುವುದು ಇನ್ನೊಂದು. ಧೂಳಿನ ಪ್ರಮಾಣ, ಉಸಿರಾಡಿದ ಅವಧಿ ಮತ್ತು ಆ ವ್ಯಕ್ತಿಯ ವಯಸ್ಸು, ಈ ಮೂರೂ ಸೇರಿ ಅದು ರಕ್ಷೆಯೋ ಹಾನಿಯೋ ಎಂಬುದನ್ನು ನಿರ್ಧರಿಸುತ್ತವೆ. ಹಾಗೆಯೇ ಒಂದು ಎಚ್ಚರಿಕೆ: ಈಗಾಗಲೇ ಉಬ್ಬಸವಿರುವವರನ್ನು ಕೊಟ್ಟಿಗೆಯಲ್ಲಿ ಮಲಗಿಸಿದರೆ ಗುಣವಾಗುತ್ತದೆ ಎಂಬ ಮಾತಿಗೆ ಈ ಅಧ್ಯಯನಗಳಲ್ಲಿ ಯಾವ ಆಧಾರವೂ ಇಲ್ಲ; ಅವರಿಗೆ ಅದು ಅಪಾಯವೇ. ಹಸಿ ಹಾಲು ಕುಡಿಸುವುದಕ್ಕೂ ಇದನ್ನು ನೆವ ಮಾಡಬಾರದು. ಬ್ರುಸೆಲ್ಲೋಸಿಸ್, ಕ್ಷಯದಂಥ ರೋಗಗಳು ಹಸಿ ಹಾಲಿನಿಂದ ಬರುತ್ತವೆ. ಹಾಲನ್ನು ಕಾಯಿಸಿಯೇ ಕುಡಿಯಬೇಕು.

ನಮ್ಮ ನೆಲದಲ್ಲಿ ಏನಾಗುತ್ತಿದೆ?

ಹಿಂದೆ ಜಾನುವಾರು ಹರಡಿಕೊಂಡಿದ್ದವು, ಸಗಣಿಯೂ ಹರಡಿಕೊಂಡಿತ್ತು. ಜಗಳೂರಿನ ಕಡೆ ಹೊಲದಲ್ಲಿ ಕುರಿ ನಿಲ್ಲಿಸುವ ಪದ್ಧತಿಯಲ್ಲಿ ಗೊಬ್ಬರ ಬಯಲಿನಲ್ಲೇ ಬಿದ್ದು ಮಣ್ಣಿಗೆ ಸೇರುತ್ತಿತ್ತು. ಈಗ ಸಾವಿರಾರು ಜೀವಗಳು ಒಂದೇ ಸೂರಿನಡಿ ಬಂದಿವೆ. ಒಂದು ಮೊಟ್ಟೆಕೋಳಿ ದಿನಕ್ಕೆ ಸುಮಾರು ನೂರು ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಹತ್ತು ಸಾವಿರ ಕೋಳಿಗಳಾದರೆ ದಿನಕ್ಕೆ ಒಂದು ಟನ್. ಇಷ್ಟು ಗೊಬ್ಬರ ಒಂದೆಡೆ ನಿಂತಾಗ, ಒದ್ದೆಯಾದರೆ ಅಮೋನಿಯ ಮತ್ತು ನೊಣ, ಒಣಗಿದರೆ ಧೂಳು.

ಮಾಂಸದ ಕೋಳಿ ಸಾಕಣೆಯಲ್ಲಿ ಒಪ್ಪಂದದ ಪದ್ಧತಿ ವ್ಯಾಪಕವಾಗಿದೆ. ಮರಿ, ಮೇವು, ಔಷಧಿ ಕಂಪನಿಯದು. ಶೆಡ್ಡು, ವಿದ್ಯುತ್ತು, ದುಡಿಮೆ ರೈತನದು. ಕೆ.ಜಿ.ಗೆ ಇಷ್ಟು ಎಂದು ಸಾಕಣೆಯ ಕೂಲಿ ಸಿಗುತ್ತದೆ. ಆ ಲೆಕ್ಕದಲ್ಲಿ ಸತ್ತ ಕೋಳಿಗೂ ಜಾಗವಿದೆ, ರೈತನ ಶ್ವಾಸಕೋಶಕ್ಕೆ ಜಾಗವಿಲ್ಲ. ಶೆಡ್ಡು ಖಾಲಿಯಾದಾಗ ನೆಲಹಾಸಿನ ಹೊಟ್ಟನ್ನು ಕೆರೆದು ತೆಗೆಯುವ ದಿನ ಧೂಳು ಅತ್ಯಂತ ಹೆಚ್ಚು. ಆ ಕೆಲಸಕ್ಕೆ ಬರುವವರು ಬಹುಮಟ್ಟಿಗೆ ದಿನಗೂಲಿಯ ಹೆಣ್ಣುಮಕ್ಕಳು. ರಜೆಯಲ್ಲಿ ಶಾಲಾಮಕ್ಕಳೂ ಜೊತೆಗೂಡುವುದುಂಟು. ಮುಖಕ್ಕೆ ಸುತ್ತಿದ ಸೆರಗು ದೊಡ್ಡ ಕಣವನ್ನಷ್ಟೇ ತಡೆಯುತ್ತದೆ.

ನಾಲೆಯ ಕೆಳಗಿನ ಗದ್ದೆಗಳಲ್ಲಿ ಬೇಸಿಗೆ ಭತ್ತದ ಕೊಯ್ಲಿನ ಹೊತ್ತಿಗೆ ಮುಂಗಾರುಪೂರ್ವ ಮಳೆ ಹೊಡೆಯುತ್ತದೆ. ಅರೆಒಣಗಿದ ಹುಲ್ಲನ್ನು ಅವಸರದಲ್ಲಿ ಬಣವೆ ಒಟ್ಟಿದರೆ ಒಳಗೆ ಬೂಷ್ಟು ಸಿದ್ಧ. ಮಳೆಗಾಲದುದ್ದಕ್ಕೂ ಮನೆಯ ಹೆಂಗಸರು ಅದನ್ನೇ ಎಳೆದು, ಕೊಡವಿ ದನಕ್ಕೆ ಹಾಕುತ್ತಾರೆ. ತೋಟಗಳಿಗೆ ಬಂದ ಕೋಳಿಗೊಬ್ಬರವನ್ನು ಲಾರಿಯಿಂದ ಒಣದಾಗಿಯೇ ಸುರಿದು, ಬುಟ್ಟಿಯಲ್ಲಿ ಹೊತ್ತು, ಬುಡಕ್ಕೆ ಎರಚುವ ಆಳುಗಳ ಪಾಡೂ ಇದೇ.

ಸರ್ಕಾರದ ಮಾನಕಗಳು ಏನು ಹೇಳುತ್ತವೆ? 2009ರ ರಾಷ್ಟ್ರೀಯ ವಾಯುಗುಣಮಟ್ಟ ಮಾನಕದಲ್ಲಿ ಧೂಳಿನ ಕಣಗಳಿಗೂ ಅಮೋನಿಯಕ್ಕೂ ಮಿತಿಯಿದೆ, ಎಂಡೋಟಾಕ್ಸಿನ್‌ಗೆ ಇಲ್ಲ. ಅಳೆಯುವ ಯಂತ್ರಗಳೂ ಹೆಚ್ಚಾಗಿ ನಗರಗಳಲ್ಲಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಕೋಳಿ ಫಾರಂಗಳಿಗಾಗಿ ಪರಿಷ್ಕೃತ ಮಾರ್ಗಸೂಚಿ ಹೊರಡಿಸಿತು. ಐದು ಸಾವಿರಕ್ಕಿಂತ ಹೆಚ್ಚು ಕೋಳಿಗಳ ಫಾರಂಗಳು ರಾಜ್ಯ ಮಂಡಳಿಯ ಸಮ್ಮತಿಯ ವ್ಯಾಪ್ತಿಗೆ ಬರಬೇಕು, ಹೊಸ ಫಾರಂಗಳು ಜನವಸತಿಯಿಂದ 500 ಮೀಟರ್ ದೂರವಿರುವುದು ಒಳಿತು ಎಂದು ಅದು ಹೇಳಿತು. ಫಾರಂಗೆ ಜಾಗ ಗುರುತಿಸುವ ಮೊದಲೇ ಗ್ರಾಮಸಭೆಯಲ್ಲಿ ಈ ಮಾತು ಚರ್ಚೆಯಾಗಬೇಕು. ಸಾಲ ಮಾಡಿ ಶೆಡ್ಡು ಕಟ್ಟಿದ ಮೇಲೆ ಜಗಳವಾದರೆ ರೈತನೂ ಕೆಡುತ್ತಾನೆ, ಊರೂ ಕೆಡುತ್ತದೆ.

ಮಾಡಬಹುದಾದದ್ದು

ಧೂಳನ್ನು ಅದು ಹುಟ್ಟುವ ಜಾಗದಲ್ಲೇ ತಡೆಯಬಹುದೆಂಬುದಕ್ಕೆ ಸ್ಪೇನಿನ ಬಾರ್ಸಿಲೋನ ನಗರ ಸಾಕ್ಷಿ. 1981ರಿಂದ 1987ರವರೆಗೆ ಅಲ್ಲಿ 26 ಬಾರಿ, ಒಂದೇ ದಿನ ಅನೇಕ ಜನ ಉಬ್ಬಸದಿಂದ ಆಸ್ಪತ್ರೆಗೆ ಓಡಿದರು. ಹುಡುಕಿದಾಗ ಕಾರಣ ಬಂದರಿನಲ್ಲಿ ಇಳಿಸುತ್ತಿದ್ದ ಸೋಯಾ ಅವರೆಯ ಧೂಳು. ಗೋದಾಮಿಗೆ ಶೋಧಕ ಅಳವಡಿಸಿದ ಮೇಲೆ ಆ ಹಾವಳಿ ನಿಂತಿತು. ಮೆಕ್ಕೆಜೋಳದ ಜೊತೆ ನಮ್ಮ ಕೋಳಿಗಳು ತಿನ್ನುವುದೂ ಅದೇ ಸೋಯಾ.

ನಮಗೆ ಸಾಧ್ಯವಿರುವ ಕೆಲವು ಕ್ರಮಗಳನ್ನು ಹೇಳುತ್ತೇನೆ.

ಒಂದು, ನೆಲಹಾಸಿನ ಹದ. ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ಬಿಡಿ. ಉಂಡೆಯಾಗಿಯೇ ಉಳಿದರೆ ಒದ್ದೆ ಹೆಚ್ಚು, ಅಮೋನಿಯ ಏಳುತ್ತದೆ. ಸ್ವಲ್ಪವೂ ಅಂಟದೆ ಉದುರಿದರೆ ತೀರ ಒಣಗಿದೆ, ಧೂಳೇಳುತ್ತದೆ. ತುಸು ಅಂಟಿ ಬಿರಿದರೆ ಹದ ಸರಿ. ಶೆಡ್ಡು ಖಾಲಿ ಮಾಡುವಾಗ ಮೊದಲು ನೀರು ಚಿಮುಕಿಸಿ, ನಂತರ ಕೆರೆಯಿರಿ. ಮೇವಿನ ಹುಡಿಗೆ ಅಲ್ಪ ಎಣ್ಣೆ ಬೆರೆಸಿದರೂ ಧೂಳು ಇಳಿಯುತ್ತದೆ.

ಎರಡು, ಕೋಳಿಗೊಬ್ಬರವನ್ನು ಒಣದಾಗಿ ಎರಚುವುದನ್ನು ಬಿಡೋಣ. ಚನ್ನಗಿರಿಯ ಸುತ್ತ ಅಡಿಕೆ ಸುಲಿದ ಸಿಪ್ಪೆಯನ್ನು ರಸ್ತೆಬದಿ ಸುರಿದು ಸುಡುವುದನ್ನು ನೀವೆಲ್ಲ ನೋಡಿದ್ದೀರಿ; ಆ ಹೊಗೆಯೂ ಉಬ್ಬಸದವರಿಗೆ ಶತ್ರು. ಸಿಪ್ಪೆಯಲ್ಲಿ ಇಂಗಾಲ ಹೆಚ್ಚು, ಕೋಳಿಗೊಬ್ಬರದಲ್ಲಿ ಸಾರಜನಕ ಹೆಚ್ಚು. ಎರಡನ್ನೂ ಪದರ ಪದರವಾಗಿ ಹಾಕಿ, ತೇವ ಕಾಯ್ದು, ಆಗಾಗ ತಿರುವಿ ಕಳಿಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಒಂದೇ ಕೆಲಸದಿಂದ ಧೂಳು ಮತ್ತು ಹೊಗೆ ಎರಡೂ ಕಡಿಮೆ. ಕಳಿತ ಗೊಬ್ಬರವನ್ನೂ ತೇವವಿರುವಾಗಲೇ ಹೊರಬೇಕು.

ಮೂರು, ಹುಲ್ಲು ಪೂರ್ತಿ ಒಣಗಿದ ಮೇಲೆಯೇ ಬಣವೆ. ನೆಲದಿಂದ ಮೇಲಕ್ಕೆ ಅಟ್ಟಣೆ. ಬೂಷ್ಟು ಹಿಡಿದದ್ದನ್ನು ದನಕ್ಕೆ ಹಾಕದೆ ಗೊಬ್ಬರದ ಗುಂಡಿಗೆ ಹಾಕಿ. ಕೊಡವಲೇಬೇಕಾದರೆ ಹೊರಗೆ, ಗಾಳಿಗೆ ಬೆನ್ನು ಮಾಡಿ.

ನಾಲ್ಕು, ಶೆಡ್ಡು ಮತ್ತು ಊರಿನ ನಡುವೆ ಮರದ ಬೇಲಿ. ಅಮೆರಿಕದ ಡೆಲವೇರ್‌ನಲ್ಲಿ ಕೋಳಿ ಶೆಡ್ಡುಗಳ ಸುತ್ತ ಮರ ಬೆಳೆಸಿ ಧೂಳು, ಅಮೋನಿಯ ಕಡಿಮೆ ಮಾಡಿದ್ದಾರೆ. ನಮಗೆ ಹೊಂಗೆ, ಬೇವು, ಗ್ಲಿರಿಸಿಡಿಯ ಇವೆ. ಗಾಳಿಮರದ ಪರಾಗ ಕೆಲವರಿಗೆ ಅಲರ್ಜಿ ತರುವುದರಿಂದ ಅದು ಬೇಡ.

ಐದು, ಧೂಳಿನ ಕೆಲಸಕ್ಕೆ ಎನ್-95 ಮಾಸ್ಕ್. ಕೋವಿಡ್ ಕಾಲದಲ್ಲಿ ಪ್ರತಿ ಹಳ್ಳಿಗೂ ಪರಿಚಯವಾದ ವಸ್ತು ಅದು. ಕೆಲಸಕ್ಕೆ ಕರೆದವರೇ ಅದನ್ನು ಕೊಡುವುದು ನ್ಯಾಯ. ಆ ಬಟ್ಟೆಯಲ್ಲೇ ಮನೆಯೊಳಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ.

ಆರು, ವೈದ್ಯರ ಬಳಿ ಹೋದಾಗ ಅವರು ಕೇಳದಿದ್ದರೂ ನೀವೇ ಹೇಳಿ: ನಾನು ಕೋಳಿ ಶೆಡ್ಡಿನಲ್ಲಿ ದುಡಿಯುತ್ತೇನೆ, ಬೆಳಿಗ್ಗೆ ಬೂಷ್ಟು ಹುಲ್ಲು ಕೊಡವಿದೆ, ಸಂಜೆ ಜ್ವರ ಬಂತು, ರಜೆ ಮಾಡಿದ ದಿನ ಉಸಿರು ಹಗುರವಾಗಿತ್ತು. ಈ ನಾಲ್ಕು ಮಾತು ಹಲವು ಪರೀಕ್ಷೆಗಳಿಗೆ ಸಮ. ಇನ್‌ಹೇಲರ್ ಚಟವಾಗುತ್ತದೆ ಎಂಬ ಭಯವನ್ನೂ ಬಿಡಿ. ಔಷಧಿ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಬಹಳ ಕಡಿಮೆ ಪ್ರಮಾಣ ಸಾಕಾಗುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಊದಿದ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸರಳ ಕೊಳವೆಯಿದೆ, ವಿದ್ಯುತ್ ಬೇಡ. ನಿಮ್ಮ ಅಧ್ಯಾಪಕರ ಮತ್ತು ಹತ್ತಿರದ ವೈದ್ಯರ ಮಾರ್ಗದರ್ಶನದಲ್ಲಿ, ಒಪ್ಪಿದವರ ಉಸಿರನ್ನು ಕೆಲಸದ ದಿನ ಬೆಳಿಗ್ಗೆ ಮತ್ತು ಸಂಜೆ, ಬಿಡುವಿನ ದಿನವೂ ಹಾಗೆಯೇ, ಎರಡು ವಾರ ಬರೆದಿಡಿ. ನೆಲಹಾಸು ತೆಗೆದ ದಿನ ಯಾವುದು, ಬಣವೆ ಬಿಚ್ಚಿದ ದಿನ ಯಾವುದು ಎಂಬುದನ್ನೂ ಪಕ್ಕದಲ್ಲೇ ಗುರುತು ಮಾಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ನಿಮ್ಮಂಥವರು ಬರೆದ ಇಂಥ ಪುಟಗಳು ಒಟ್ಟಾದರೆ ಪಂಚಾಯಿತಿಯ ಮುಂದೆ, ಮಂಡಳಿಯ ಮುಂದೆ, ಕೋಳಿ ಕಂಪನಿಯ ಮುಂದೆ ಇಡಲು ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ಹಸು, ಕುರಿ, ಕೋಳಿಗಳಿಲ್ಲದೆ ನಮ್ಮ ಬೇಸಾಯವಿಲ್ಲ. ಅವುಗಳನ್ನು ದೂರವಿಡಿ ಎಂದು ಹೇಳಲು ನಾನು ಬಂದಿಲ್ಲ. ಅವುಗಳ ನಡುವೆ ದುಡಿಯುವವರ ಉಸಿರಿಗೂ ಬೇಸಾಯದ ಖರ್ಚುವೆಚ್ಚದಲ್ಲಿ ಒಂದು ಸಾಲು ಇರಲಿ ಎಂಬುದಷ್ಟೇ ನನ್ನ ಕೋರಿಕೆ.